ಗುಣಿಸಬೇಡಿ, ಎಣಿಸಿ

ಅಜ್ಜಿಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟೆ. ನಾಡಿ ತಕ್ಷಣ ಸಿಕ್ಕಿತು. ಗೋಡೆ ಗಡಿಯಾರ ನೋಡಿಕೊಂಡು ಹದಿನೈದು ಸೆಕೆಂಡು ಎಣಿಸಿದೆ, ಇಪ್ಪತ್ತೆರಡು ಬಂತು. ನಾಲ್ಕರಿಂದ ಗುಣಿಸಿ ಚಾರ್ಟಿನಲ್ಲಿ 88 ಅಂತ ಬರೆದು ಮುಂದಿನ ಹಾಸಿಗೆಗೆ ಹೋದೆ. ಜೊತೆಗೆ ಬಂದಿದ್ದ ಹುಡುಗಿಯರು ಇನ್ನೂ ಎರಡನೇ ಹಾಸಿಗೆಯ ಹತ್ತಿರ ನಾಡಿ ಹುಡುಕುತ್ತಿದ್ದಾಗ ನಾನು ಆರು ಹಾಸಿಗೆ ಮುಗಿಸಿ ಕೈಕಟ್ಟಿ ನಿಂತಿದ್ದೆ. ಮೇಡಂ ಶಾಬಾಸ್ ಅನ್ನುತ್ತಾರೆ ಅಂತ ನನ್ನ ಲೆಕ್ಕ.

ಮೇಡಂ ನನಗಿಂತ ಎಂಟು ವರ್ಷ ಚಿಕ್ಕವರು. ಚಾರ್ಟ್ ನೋಡಿದರು. ಏನೂ ಹೇಳದೆ ಹೋಗಿ ಅದೇ ಅಜ್ಜಿಯ ಕೈ ಹಿಡಿದು ನಿಂತರು. ಸೆಕೆಂಡಿನ ಮುಳ್ಳು ಒಂದು ಪೂರ್ತಿ ಸುತ್ತು ಬರುವ ತನಕ ಬಿಡಲಿಲ್ಲ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

“97 ಇದೆ. ಅದೂ ಒಂದೇ ಸಮ ಇಲ್ಲ, ನಡುನಡುವೆ ತಾಳ ತಪ್ಪುತ್ತಿದೆ. ನೀವು ನೋಡಿದ ಹದಿನೈದು ಸೆಕೆಂಡಲ್ಲಿ ತಪ್ಪಿರಲಿಕ್ಕಿಲ್ಲ, ಅಷ್ಟೆ. ಗುಣಿಸಬೇಡಿ, ಎಣಿಸಿ. ಪೂರ್ತಿ ಒಂದು ನಿಮಿಷ.”

ಅದು 2017ರ ಕೊನೆ. ಯಲಹಂಕದ ನರ್ಸಿಂಗ್ ಶಾಲೆಯೊಂದರಲ್ಲಿ ಜಿಎನ್‌ಎಂ ಅನ್ನುವ ಡಿಪ್ಲೊಮಾದ ಮೊದಲ ವರ್ಷ. ನನಗೆ ಮೂವತ್ತನಾಲ್ಕು ತುಂಬಿತ್ತು. ಹನ್ನೆರಡು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದು ಬಂದವಳು. ಗುಣಾಕಾರ ಬಿಡಿ ಅಂತ ನನಗೆ ಹೇಳಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ.

ಗೌರಿಬಿದನೂರು ಕಡೆಯ ಹಳ್ಳಿಯಿಂದ ಮದುವೆಯಾಗಿ ಹಳೇ ಯಲಹಂಕಕ್ಕೆ ಬಂದಾಗ ನನ್ನ ಕೈಲಿ ಇದ್ದದ್ದು ಪಿಯುಸಿ ಆರ್ಟ್ಸ್ ಪಾಸಾದ ಒಂದು ಅಂಕಪಟ್ಟಿ. ನಮ್ಮ ಮನೆಯವರು ಕೋಗಿಲು ಕ್ರಾಸಿನ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಿದ್ದರು. ಮಗಳಿಗೆ ವರ್ಷ ತುಂಬುವುದರೊಳಗೆ ನಾನೂ ದುಡಿಯಲೇಬೇಕಾಯಿತು. ಸಂತೆ ಸರ್ಕಲ್ ಹತ್ತಿರ ಬೆಳಿಗ್ಗೆ ಎಂಟಕ್ಕೆ ನಿಂತರೆ ಗಾರ್ಮೆಂಟ್ಸ್ ಟೆಂಪೊಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಹೆಂಗಸರು ಟಿಫನ್ ಬ್ಯಾಗು ಎದೆಗವಚಿಕೊಂಡು ನಿಂತುಕೊಂಡೇ ಹೋಗುತ್ತಿದ್ದರು. ಹೆಲ್ಪರ್ ಆಗಿ ಸೇರಿದೆ, ದಾರ ಕತ್ತರಿಸಿದೆ, ಎರಡನೇ ವರ್ಷ ಟೈಲರ್ ಆದೆ. ಮೆನ್ಸ್ ಶರ್ಟಿನ ಕಾಲರ್ ನನ್ನ ಆಪರೇಷನ್. ಹನ್ನೆರಡು ವರ್ಷದಲ್ಲಿ ನಾನೊಂದು ಪೂರ್ತಿ ಶರ್ಟ್ ಹೊಲಿಯಲಿಲ್ಲ. ಬರೀ ಕಾಲರ್.

ವರ್ಷಕ್ಕೊಂದೆರಡು ಸಲ ಟೈಮ್ ಸ್ಟಡಿಯ ಹುಡುಗ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದ. ಕೈಯಲ್ಲಿ ಸ್ಟಾಪ್‌ವಾಚು. ಬೆಳಿಗ್ಗೆ ಹತ್ತರ ಹೊತ್ತಿಗೆ, ಕೈ ಹದವಾಗಿ ಓಡುವ ಹೊತ್ತಿನಲ್ಲಿ, ಐದು ಕಾಲರ್ ಅಳೆಯುತ್ತಿದ್ದ. ಒಂದಕ್ಕೆ ನಲವತ್ತು ಸೆಕೆಂಡು. ಹಾಗಾದರೆ ಗಂಟೆಗೆ 90. ಎಂಟು ಗಂಟೆಗೆ 720. ಮಧ್ಯಾಹ್ನ ಮೂರರ ಕೈ ಬೆಳಗಿನ ಹತ್ತರ ಕೈಯಲ್ಲ ಅನ್ನುವುದು ಆ ಲೆಕ್ಕದಲ್ಲಿ ಇರುತ್ತಿರಲಿಲ್ಲ. ಮುಟ್ಟಿನ ದಿನದ ಸೊಂಟ ಇರುತ್ತಿರಲಿಲ್ಲ, ನೀರು ಕುಡಿದರೆ ಪಾಯಿಖಾನೆಗೆ ಏಳಬೇಕಾಗುತ್ತದೆ ಅಂತ ಕುಡಿಯದೆ ಕೂತ ಗಂಟಲು ಇರುತ್ತಿರಲಿಲ್ಲ. ನಾಲ್ಕು ಪೀಸು ಜಾಸ್ತಿ ಹೊಲಿದು ಒಂದು ನಿಮಿಷ ಉಳಿಸಿಕೊಂಡೆವೋ, ಮಾರನೆಯ ವಾರ ಟಾರ್ಗೆಟ್ಟೇ ಏರಿ ಆ ನಿಮಿಷ ಕಂಪನಿಯ ಪಾಲಾಗುತ್ತಿತ್ತು. ಹಾಗಾಗಿ ಜಾಣೆಯರಾದ ಹಳಬರು ಹೊಸಬರ ಕಿವಿಯಲ್ಲಿ ಹೇಳುತ್ತಿದ್ದರು: “ಅವನು ಬಂದಾಗ ನಿಧಾನಕ್ಕೆ ಹೊಲಿಯೇ.”

ಅಷ್ಟು ದೊಡ್ಡ ಫ್ಯಾಕ್ಟರಿಯಲ್ಲಿ ಟಾರ್ಗೆಟ್ ಇಲ್ಲದ ಹೆಂಗಸು ಒಬ್ಬರೇ, ಸಿಕ್ ರೂಮಿನ ಸಿಸ್ಟರ್. ಐನೂರಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಆಂಬುಲೆನ್ಸ್ ರೂಮ್ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಅದು ನನಗೆ ಗೊತ್ತಾದದ್ದು ಬಹಳ ಆಮೇಲೆ. ಆಗ ಗೊತ್ತಿದ್ದದ್ದು ಹಸಿರು ಪರದೆಯ ಒಂದು ಕೋಣೆ, ಒಂದು ಮಂಚ, ಉಪ್ಪು–ಸಕ್ಕರೆಯ ನೀರಿನ ಒಂದು ಜಗ್ಗು. ಉಪವಾಸ ಬಂದು ತಲೆಸುತ್ತಿ ಬಿದ್ದವರನ್ನು ಇಬ್ಬರು ಹಿಡಿದು ಅಲ್ಲಿಗೆ ಕರೆದೊಯ್ಯುತ್ತಿದ್ದೆವು. ಒಮ್ಮೆ ನಾನೇ ಬಿದ್ದೆ. ಕಣ್ಣು ಬಿಟ್ಟಾಗ ಸಿಸ್ಟರ್ ನನ್ನ ಕೈ ಹಿಡಿದು ಗಡಿಯಾರ ನೋಡುತ್ತಿದ್ದರು. “ಲೈನಿಗೆ ಹೋಗ್ಬೇಕು ಸಿಸ್ಟರ್” ಅಂದೆ. “ಒಂದ್ನಿಮಿಷ ಸುಮ್ನಿರಮ್ಮ” ಅಂದರು. ಆ ಒಂದು ನಿಮಿಷ ಅವರೂ ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ಮಿಷನ್ನುಗಳ ಸದ್ದು ಪರದೆಯ ಆಚೆ ಇತ್ತು. ಆ ಫ್ಯಾಕ್ಟರಿಯಲ್ಲಿ ಯಾರಾದರೂ ನನಗಾಗಿ ಖರ್ಚು ಮಾಡಿದ ನಿಮಿಷ ಅಂತ ನನಗೆ ನೆನಪಿರುವುದು ಅದೊಂದೇ.

ನರ್ಸ್ ಆಗಬೇಕು ಅನ್ನುವ ಆಸೆ ಅವತ್ತೇ ಹುಟ್ಟಿತು ಅಂದರೆ ಸುಳ್ಳಾಗುತ್ತದೆ. ಆಸೆಗೆ ದುಡ್ಡು ಬೇಕಲ್ಲ. ದುಡ್ಡಿನ ದಾರಿ ಕಂಡದ್ದು 2016ರ ಏಪ್ರಿಲಿನಲ್ಲಿ.

ಪಿಎಫ್‌ನಲ್ಲಿ ಕಂಪನಿ ಕಟ್ಟುವ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವ ಹಾಗಿಲ್ಲ ಅಂತ ಆ ವರ್ಷ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಂಗಸರಿಗೆ ಐವತ್ತೆಂಟೆಂದರೆ ಬೇರೆ ಲೋಕ. ನಲವತ್ತಕ್ಕೆಲ್ಲ ಕಣ್ಣು, ಸೊಂಟ ಕೈಕೊಟ್ಟು ಮನೆ ಸೇರುವವರೇ ಹೆಚ್ಚು. ಮಗಳ ಮದುವೆಗೆ, ಸಾಲ ತೀರಿಸುವುದಕ್ಕೆ, ಮನೆಗೆ ಶೀಟು ಹೊದಿಸುವುದಕ್ಕೆ ಇದ್ದ ಇಡಿಗಂಟು ಅದೊಂದೇ. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಹೆಂಗಸರು ಮಿಷನ್ನು ಬಿಟ್ಟೆದ್ದು ರಸ್ತೆಗಿಳಿದರು. ಮಾರನೆಯ ದಿನ ತುಮಕೂರು ರಸ್ತೆಯೂ ನಿಂತಿತು. ಮುಂದೆ ನಿಂತು ಕರೆ ಕೊಟ್ಟ ದೊಡ್ಡ ನಾಯಕರು ಯಾರೂ ಇರಲಿಲ್ಲ. ಲಾಠಿ ಬೀಸಿತು, ಬಸ್ಸು ಸುಟ್ಟವು. 19ರ ಸಂಜೆಯೊಳಗೆ ಸರ್ಕಾರ ನಿಯಮ ವಾಪಸು ತೆಗೆದುಕೊಂಡಿತು.

ನಾನು ರಸ್ತೆಗಿಳಿಯಲಿಲ್ಲ. ನಮ್ಮ ಫ್ಯಾಕ್ಟರಿಯನ್ನು ಮಧ್ಯಾಹ್ನವೇ ಬಿಟ್ಟರು. ಮನೆಯಲ್ಲಿ ಟಿವಿ ಮುಂದೆ ಕೂತು, ನನ್ನಂಥವರೇ ಚಪ್ಪಲಿ ಕೈಲಿ ಹಿಡಿದು ಓಡುವುದನ್ನು ನೋಡಿದೆ. ಅವರು ಉಳಿಸಿಕೊಟ್ಟ ದುಡ್ಡಲ್ಲಿ ನನ್ನದೂ ಸೇರಿತ್ತು. ಅವತ್ತು ರಾತ್ರಿ ಪಿಎಫ್ ಚೀಟಿ ತೆಗೆದು ಮೊದಲ ಸಲ ಸರಿಯಾಗಿ ನೋಡಿದೆ. ಮಗಳ ಮದುವೆಗೆ ಅಂತ ಇಟ್ಟುಕೊಂಡರೆ ಅಷ್ಟರೊಳಗೆ ಯಾವುದೋ ಸಾಲಕ್ಕೆ ಕರಗುತ್ತದೆ ಅನ್ನುವುದು ಖಾತ್ರಿಯಿತ್ತು. ಇದನ್ನು ನನಗೇ ಹಾಕಿಕೊಂಡರೆ? ಹಾಗೆ ಯೋಚಿಸಿದ್ದಕ್ಕೆ ನನಗೇ ನಾಚಿಕೆಯಾಯಿತು.

ಯಲಹಂಕ ಉಪನಗರದ ಸೈಬರ್ ಸೆಂಟರಿನಲ್ಲಿ ವಿಚಾರಿಸಿದೆ. ಬಿಎಸ್ಸಿ ನರ್ಸಿಂಗಿಗೆ ವಿಜ್ಞಾನ ಓದಿರಬೇಕು. ಜಿಎನ್‌ಎಂಗೆ ಆರ್ಟ್ಸ್ ಪಿಯುಸಿಯೂ ನಡೆಯುತ್ತದೆ, ನೂರಕ್ಕೆ ನಲವತ್ತು ಅಂಕವಿದ್ದು ಇಂಗ್ಲಿಷ್ ಪಾಸಾಗಿದ್ದರೆ ಸಾಕು. ಹದಿನೇಳು ತುಂಬಿರಬೇಕು, ಮೂವತ್ತೈದು ಮೀರಿರಬಾರದು, ಇದು ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮ. ನನಗೆ ಉಳಿದಿದ್ದದ್ದು ಎರಡು ವರ್ಷ. ಮನೆಯಲ್ಲಿ ಹೇಳಿದಾಗ ನಮ್ಮವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ “ಆಟೋ ಲೋನು ಇನ್ನೊಂದು ವರ್ಷ ಇದೆ, ಅದು ಮುಗೀಲಿ” ಅಂದರು. ಬೇಡ ಅನ್ನಲಿಲ್ಲ. ಅತ್ತೆಯ ಆಕ್ಷೇಪವೇ ಬೇರೆ: “ಊರೋರ ಉಚ್ಚೆ ಬಾಚೋಕೆ ದುಡ್ಡು ಕೊಟ್ಟು ಓದ್ತೀಯೇನೇ?”

ಲೋನು ಮುಗಿಯಿತು. 2017ರ ಏಪ್ರಿಲಿನಲ್ಲಿ ಕೆಲಸ ಬಿಟ್ಟೆ. ಪೂರ್ತಿ ಪಿಎಫ್ ತೆಗೆಯಬೇಕಾದರೆ ಆಗ ಕೆಲಸ ಬಿಟ್ಟು ಎರಡು ತಿಂಗಳಾಗಿರಬೇಕಿತ್ತು. ಆ ಎರಡು ತಿಂಗಳು ಮನೆಯಲ್ಲಿ ಮಿಷನ್ನಿಟ್ಟು ಬ್ಲೌಸ್ ಹೊಲಿದೆ. ದುಡ್ಡು ಬಂತು. ಒಂದೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ. ಗ್ರಾಚ್ಯುಟಿಗೆ ಮಾತ್ರ ಏಳು ಸಲ ಅಲೆಸಿದರು.

ತರಗತಿಯಲ್ಲಿ ನಲವತ್ತು ಜನ, ಹೆಚ್ಚಿನವರಿಗೆ ಹದಿನೆಂಟು. ಅರ್ಧದಷ್ಟು ಕೇರಳದ ಹುಡುಗಿಯರು, ನಾಲ್ವರು ಮಣಿಪುರದವರು, ಉಳಿದವರು ನಮ್ಮ ಕಡೆಯವರು. ಮೊದಲ ದಿನ ನಾನು ಬಾಗಿಲಲ್ಲಿ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತು “ಗುಡ್ ಮಾರ್ನಿಂಗ್ ಮ್ಯಾಮ್” ಅಂದರು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತ ಮೇಲೆ ಒಂದು ಕ್ಷಣ ಸದ್ದಿಲ್ಲ, ಆಮೇಲೆ ನಗು. ಅದು ಕುಹಕದ್ದಲ್ಲ, ಆದರೂ ಕಿವಿ ಬಿಸಿಯಾಯಿತು. ವಾರದೊಳಗೆ ಕನ್ನಡದವರಿಗೆ ಅಕ್ಕ ಆದೆ, ಮಲಯಾಳಿಗಳಿಗೆ ಚೇಚಿ.

ಪಾಠವೆಲ್ಲ ಇಂಗ್ಲಿಷಿನಲ್ಲಿ. ಅನಾಟಮಿ ಪುಸ್ತಕದ ಒಂದು ಪುಟಕ್ಕೆ ಮೊದಲ ತಿಂಗಳು ನನಗೆ ಒಂದು ರಾತ್ರಿ ಬೇಕಾಗುತ್ತಿತ್ತು. ಪದವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಪಕ್ಕದಲ್ಲಿ ಅರ್ಥ ಬರೆದು, ಅನ್ನ ಬೇಯುವ ಹೊತ್ತಿನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ‘ಬ್ರಾಡಿಕಾರ್ಡಿಯಾ ಅಂದ್ರೆ ನಿಧಾನ, ಟ್ಯಾಕಿಕಾರ್ಡಿಯಾ ಅಂದ್ರೆ ಜೋರು.’ ಮಗಳು ಒಂಬತ್ತನೇ ಕ್ಲಾಸು, ಅದೇ ಟೇಬಲ್ಲಿನ ಎದುರು ಕೂತು ಓದುತ್ತಿದ್ದಳು. ಅವಳಿಗೆ ನನ್ನ ಪುಸ್ತಕದ ಹೃದಯದ ಚಿತ್ರ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. “ಅಮ್ಮ, ಎಡಗಡೆ ಅಂದ್ರೆ ಚಿತ್ರದಲ್ಲಿ ಬಲಗಡೆ” ಅಂತ ಅವಳು ಹೇಳಿಕೊಟ್ಟದ್ದು ಮೊದಲ ಇಂಟರ್ನಲ್ಸ್‌ನಲ್ಲಿ ಎರಡು ಅಂಕ ತಂದಿತು. ಒಟ್ಟು ಬಂದದ್ದು ಎಪ್ಪತ್ತೈದಕ್ಕೆ ಇಪ್ಪತ್ತಾರು.

ನನ್ನನ್ನು ದಡ ಸೇರಿಸಿದ್ದು ಮನೆಯ ಹೊಲಿಗೆ ಮಿಷನ್ನು. ಶಾಲೆ ಕೊಟ್ಟ ಯೂನಿಫಾರಂ ಎಲ್ಲರಿಗೂ ಗೋಣಿಚೀಲದ ಹಾಗೆ ನೇತಾಡುತ್ತಿತ್ತು. ನನ್ನದನ್ನು ಅದೇ ರಾತ್ರಿ ಬಿಚ್ಚಿ ಅಳತೆಗೆ ಹೊಲಿದುಕೊಂಡಿದ್ದೆ. ಅದನ್ನು ನೋಡಿದ ಒಬ್ಬ ಮಲಯಾಳಿ ಹುಡುಗಿ, “ಚೇಚಿ, ನಂದೂ ಮಾಡಿ” ಅಂದಳು. ಭಾನುವಾರ ಹಾಸ್ಟೆಲಿನ ಹತ್ತು ಹುಡುಗಿಯರು ನಮ್ಮ ಮನೆಯ ಹೊರಗೆ ಚಪ್ಪಲಿ ಬಿಟ್ಟಿದ್ದರು. ದುಡ್ಡು ಬೇಡ, ಪಾಠ ಹೇಳಿ ಅಂದೆ. ನಾನು ಸೈಡ್ ಹಿಡಿಯುತ್ತಿದ್ದೆ, ಅವರು ಮಿಷನ್ನಿನ ಪಕ್ಕ ಕೂತು ಮೂಳೆಗಳ ಹೆಸರು ಓದುತ್ತಿದ್ದರು. ಅತ್ತೆ ಎಲ್ಲರಿಗೂ ಚಿತ್ರಾನ್ನ ಬಡಿಸುತ್ತ, “ಪಾಪ, ಎಲ್ಲೆಲ್ಲಿಂದ್ಲೋ ಬಂದವೆ” ಅಂದರು. ಅಲ್ಲಿಂದ ಮುಂದೆ ಉಚ್ಚೆಯ ಮಾತು ಬರಲಿಲ್ಲ.

ಪ್ರಾಕ್ಟಿಕಲ್ಸ್‌ನಲ್ಲಿ ನನಗೆ ಅಂಜಿಕೆ ಇರಲಿಲ್ಲ. ಹಾಸಿಗೆ ಹಾಸುವಾಗ ಬೆಡ್‌ಶೀಟಿನ ಮೂಲೆಯನ್ನು ಲಕೋಟೆಯ ಹಾಗೆ ಓರೆಯಾಗಿ ಮಡಚಿ ಸಿಕ್ಕಿಸಬೇಕು. ನೆರಿಗೆ ಉಳಿಯಬಾರದು, ಮೇಲೇಳಲಾರದ ರೋಗಿಯ ಬೆನ್ನಿಗೆ ಒಂದು ನೆರಿಗೆ ಸಾಕು ಹುಣ್ಣಾಗುವುದಕ್ಕೆ. ಹನ್ನೆರಡು ವರ್ಷ ಕಾಲರ್ ತುದಿ ತಿರುಗಿಸಿದ ಕೈಗೆ ಆ ಮೂಲೆ ಮೊದಲ ಸಲಕ್ಕೇ ಬಂತು. ಇನ್ನೊಂದು ವಿಷಯ ಸೂಜಿಯದು. ಫ್ಯಾಕ್ಟರಿಯಲ್ಲಿ ಮಿಷನ್ನಿನ ಸೂಜಿ ಮುರಿದರೆ ಎಲ್ಲ ಚೂರೂ ಸಿಗುವ ತನಕ ಕೆಲಸ ನಿಲ್ಲುತ್ತಿತ್ತು. ಚೂರುಗಳನ್ನು ರಿಜಿಸ್ಟರಿನಲ್ಲಿ ಟೇಪು ಹಾಕಿ ಅಂಟಿಸಿದ ಮೇಲೇ ಹೊಸ ಸೂಜಿ. ದೂರದ ದೇಶದಲ್ಲಿ ಶರ್ಟ್ ತೊಡುವ ಯಾರಿಗೋ ಚುಚ್ಚಬಾರದು ಅಂತ. ಆಪರೇಷನ್ ಥಿಯೇಟರಿನಲ್ಲಿ ಹೊಟ್ಟೆ ಮುಚ್ಚುವ ಮುಂಚೆ ಸೂಜಿ, ಹತ್ತಿಬಟ್ಟೆಗಳನ್ನು ಎಣಿಸಿ ಲೆಕ್ಕ ಒಪ್ಪಿಸುವುದನ್ನು ಮೊದಲ ಸಲ ನೋಡಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಚುಚ್ಚಿದ ಸೂಜಿ ಬಿಳಿ ಡಬ್ಬಕ್ಕೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಟ್ಯೂಬು ಕೆಂಪಿಗೆ, ಗಾಜು ನೀಲಿಗೆ. 2016ರ ವೈದ್ಯಕೀಯ ತ್ಯಾಜ್ಯ ನಿಯಮಗಳನ್ನು ಹುಡುಗಿಯರು ಬಾಯಿಪಾಠ ಮಾಡುವಾಗ ನನಗೆ ಬಣ್ಣ ಬಣ್ಣದ ದಾರದ ರಾಕು ನೆನಪಾಗುತ್ತಿತ್ತು.

ಕಷ್ಟವಾದದ್ದು ನಿಮಿಷ. ಕೈ ಹಿಡಿದು ಸುಮ್ಮನೆ ನಿಲ್ಲುವುದು. ಇಪ್ಪತ್ತನೇ ಸೆಕೆಂಡಿಗೆ ಮೈ ಚಡಪಡಿಸುತ್ತಿತ್ತು, ಹಿಂದೆ ಯಾರೋ ಸ್ಟಾಪ್‌ವಾಚ್ ಹಿಡಿದು ನಿಂತ ಹಾಗೆ. ಉಸಿರಾಟ ಎಣಿಸುವುದು ಇನ್ನೂ ಕಷ್ಟ. ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ರೋಗಿಯ ಉಸಿರು ತಾನಾಗಿ ಬದಲಾಗುತ್ತದೆ. ಅದಕ್ಕೇ ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವವರಂತೆ ನಟಿಸುತ್ತ, ಎದೆ ಏರಿಳಿಯುವುದನ್ನು ಓರೆಗಣ್ಣಲ್ಲಿ ಎಣಿಸಬೇಕು. ಅಲ್ಲಿಗೆ ಎರಡು ನಿಮಿಷ. ಎರಡು ನಿಮಿಷಕ್ಕೆ ಮೂರು ಕಾಲರ್.

ದೀಪ ಬೆಳಗುವ ಕಾರ್ಯಕ್ರಮದ ದಿನ ವೇದಿಕೆಯ ಮೇಲೆ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರ ಇಟ್ಟಿದ್ದರು. ಎಲ್ಲ ಕಡೆ ಇರುವಂಥದ್ದೇ, ಕೈಯಲ್ಲಿ ದೀಪ ಹಿಡಿದ ಎಳೆ ಮುಖದ ಹುಡುಗಿ. ಅವರ ಬಗ್ಗೆ ನಾಲ್ಕು ಮಾತಾಡುವ ಕೆಲಸ, ಹಿರಿಯಳು ಅಂತ, ನನಗೆ ಬಿತ್ತು. ಲೈಬ್ರರಿಯಲ್ಲಿ ಕೂತು ಓದಿದೆ. ಹುಟ್ಟಿದ್ದು 1820ರ ಮೇ 12. ಶ್ರೀಮಂತರ ಮಗಳು, ಮನೆಯವರ ವಿರೋಧ. ಜರ್ಮನಿಯ ಕೈಸರ್ಸ್‌ವರ್ತ್‌ಗೆ ತರಬೇತಿಗೆ ಹೋದದ್ದು 1851ರಲ್ಲಿ. ಬೆರಳು ಮಡಚಿ ಲೆಕ್ಕ ಹಾಕಿದೆ. ಮೂವತ್ತೊಂದು! ಕ್ರಿಮಿಯಾ ಯುದ್ಧದ ಗಾಯಾಳುಗಳ ಸ್ಕುಟಾರಿ ಆಸ್ಪತ್ರೆಗೆ ತಲುಪಿದ್ದು 1854ರ ನವೆಂಬರಿನಲ್ಲಿ. ಆಗ ಮೂವತ್ತನಾಲ್ಕು, ನನ್ನದೇ ವಯಸ್ಸು. ಕೈಯಲ್ಲಿದ್ದದ್ದೂ ಚಿತ್ರದಲ್ಲಿರುವ ಆ ಅಲ್ಲಾವುದ್ದೀನನ ದೀಪವಲ್ಲ, ಟರ್ಕಿಯವರು ಬಳಸುವ ಮಡಚುವ ಲಾಟೀನು. ಇಷ್ಟನ್ನು ವೇದಿಕೆಯಲ್ಲಿ ಹೇಳಿದೆ. ವಯಸ್ಸಿನ ಮಾತು ಬಂದಾಗ ಹಿಂದಿನ ಸಾಲಿನ ಮಲಯಾಳಿ ಹುಡುಗಿಯರು ಸಿಳ್ಳೆ ಹಾಕಿದರು, ಪ್ರಿನ್ಸಿಪಾಲರು ತಿರುಗಿ ನೋಡಿದರು.

ಎರಡನೇ ವರ್ಷದ ಪೋಸ್ಟಿಂಗ್ ಯಲಹಂಕದ ಒಂದು ಆಸ್ಪತ್ರೆಯಲ್ಲಿ. 2019ರ ಫೆಬ್ರವರಿ, ಏರ್ ಶೋ ತಿಂಗಳು. 1996ರಿಂದ ಎರಡು ವರ್ಷಕ್ಕೊಮ್ಮೆ ನಮ್ಮ ವಾಯುನೆಲೆಯಲ್ಲಿ ನಡೆಯುವ ಈ ಪ್ರದರ್ಶನಕ್ಕೆ ಹೊರಗಿನವರು ಟಿಕೆಟ್ ಕೊಂಡು ಬರುತ್ತಾರೆ, ನಾವು ತಾರಸಿ ಹತ್ತಿ ನೋಡುತ್ತೇವೆ. ಆಸ್ಪತ್ರೆಯ ಒಳಗಿದ್ದವರ ಪಾಡು ಬೇರೆ. ಬಿಪಿ ನೋಡುವಾಗ ಪಟ್ಟಿಯ ಗಾಳಿ ಬಿಡುತ್ತ ಸ್ಟೆತಸ್ಕೋಪಿನಲ್ಲಿ ಮೊದಲ ಬಡಿತಕ್ಕೆ ಕಿವಿಗೊಡಬೇಕು. ಅಷ್ಟರಲ್ಲಿ ತಲೆಯ ಮೇಲೆ ತಾಲೀಮಿನ ವಿಮಾನ ಸೀಳಿಕೊಂಡು ಹೋಗುತ್ತಿತ್ತು. ಕಿಟಕಿಯ ಗಾಜು ಗುಂಯ್‌ಗುಡುತ್ತಿತ್ತು, ಕಿವಿಯಲ್ಲಿ ಬರೀ ಮೊರೆತ. ಮತ್ತೆ ಪಟ್ಟಿ ಬಿಗಿ, ಮತ್ತೆ ವಿಮಾನ. “ಸ್ಟೆತ್ ತೆಗೆದಿಡಿ, ನಾಡಿ ಹಿಡ್ಕೊಂಡು ನೋಡಿ” ಅಂದರು ವಾರ್ಡಿನ ಸಿಸ್ಟರ್. ಪಟ್ಟಿ ಬಿಗಿದಾಗ ನಾಡಿ ಮಾಯವಾಗುತ್ತದೆ. ಗಾಳಿ ಬಿಟ್ಟಂತೆ ಬೆರಳಿಗೆ ಮತ್ತೆ ಮೊದಲ ಮಿಡಿತ ಸಿಕ್ಕಾಗ ಮಾಪಕ ಎಲ್ಲಿದೆಯೋ ಅದೇ ಮೇಲಿನ ಬಿಪಿ. ಕಿವಿ ಕೇಳಲಾಗದ್ದನ್ನು ಬೆರಳು ಕೇಳುತ್ತದೆ.

ಫೆಬ್ರವರಿ 19, ಮಂಗಳವಾರ, ಆ ಸದ್ದು ಇದ್ದಕ್ಕಿದ್ದಂತೆ ನಿಂತಿತು. ತಾಲೀಮಿನಲ್ಲಿದ್ದ ಎರಡು ಸೂರ್ಯಕಿರಣ್ ವಿಮಾನಗಳು ಆಕಾಶದಲ್ಲಿ ತಾಗಿ ಬಿದ್ದಿದ್ದವು. ಇಬ್ಬರು ಪೈಲಟ್‌ಗಳು ಪ್ಯಾರಾಚೂಟಿನಲ್ಲಿ ಇಳಿದರು, ಒಬ್ಬರು ತೀರಿಕೊಂಡರು. ಸುದ್ದಿ ವಾರ್ಡಿಗೆ ಬಂದಾಗ ನಾನೊಬ್ಬ ಮುದುಕರ ಕೈ ಹಿಡಿದಿದ್ದೆ. ಅವರ ನಾಡಿ ಎಂದಿಗಿಂತ ಸ್ಪಷ್ಟವಾಗಿ ಸಿಗುತ್ತಿತ್ತು. ಅದಕ್ಕೆ ಯಾಕೋ ಸಂಕಟವಾಯಿತು.

ಅದೇ ವರ್ಷ ಮಗಳ ಕನ್ನಡ ಪಾಠದ ನೆವದಲ್ಲಿ ನಿಘಂಟು ತೆಗೆದಾಗ ‘ಶುಶ್ರೂಷೆ’ ಕಣ್ಣಿಗೆ ಬಿತ್ತು. ಸರ್ಕಾರಿ ಕಾಗದಗಳಲ್ಲಿ ನಮ್ಮನ್ನು ಶುಶ್ರೂಷಕಿ, ಶುಶ್ರೂಷಾಧಿಕಾರಿ ಅಂತ ಬರೆಯುತ್ತಾರೆ. ಸೇವೆ ಅಂತ ಅರ್ಥ ಇರಬಹುದು ಅಂದುಕೊಂಡಿದ್ದೆ, ಅದೂ ಹೌದು. ಆದರೆ ಮೂಲ ಅರ್ಥ ‘ಕೇಳುವ ಬಯಕೆ’. ಆಮೇಲೆ ಅದು ಸೇವೆಯಾದದ್ದು. ಮಗಳು “ಏನಮ್ಮ, ಅಷ್ಟೊತ್ತು ಒಂದೇ ಪದ ನೋಡ್ತಿದೀಯಾ?” ಅಂದಳು.

ಇಷ್ಟು ಹೇಳಿ ನಿಲ್ಲಿಸಿದರೆ ನರ್ಸಿಂಗ್ ಅಂದರೆ ನೆಮ್ಮದಿಯ ನಿಮಿಷಗಳ ಸರಪಣಿ ಅನ್ನಿಸಬಹುದು. ಅಲ್ಲ. ನೈಟ್ ಡ್ಯೂಟಿ ಶುರುವಾದ ಮೇಲೆ ಕಣ್ಣು ತೆರೆಯಿತು. ಒಂದು ಕಡೆ ಮೂವತ್ತು ಹಾಸಿಗೆಗೆ ಒಬ್ಬರು ಸ್ಟಾಫು, ಇಬ್ಬರು ವಿದ್ಯಾರ್ಥಿಗಳು. ಹತ್ತಕ್ಕೆ ಇಂಜೆಕ್ಷನ್ನು, ಹನ್ನೆರಡಕ್ಕೆ ಆಂಟಿಬಯೋಟಿಕ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದವರು ನಾಲ್ವರು, ಡ್ರಿಪ್ ಮುಗಿದಿದೆ ಅಂತ ಮೂರು ಕಡೆಯಿಂದ ಕೂಗು. ಬೆಳಿಗ್ಗೆ ಐದಕ್ಕೆ ಎಲ್ಲರ ಟಿಪಿಆರ್, ಅಂದರೆ ಜ್ವರ, ನಾಡಿ, ಉಸಿರು. ಒಂದು ರಾತ್ರಿ ಚಾರ್ಟಿನಲ್ಲಿ ಸಾಲಾಗಿ ಎಲ್ಲರ ಉಸಿರೂ 20 ಅಂತಲೇ ಬರೆದದ್ದನ್ನು ನೋಡಿದೆ. ಮೂವತ್ತು ಜನ, ಒಂದೇ ಉಸಿರು. ಬರೆದವರ ಮೇಲೆ ಸಿಟ್ಟು ಬರಲಿಲ್ಲ. ಅವರ ಬೆನ್ನ ಹಿಂದೆಯೂ ಯಾರೋ ಸ್ಟಾಪ್‌ವಾಚ್ ಹಿಡಿದು ನಿಂತಿದ್ದು ನನಗೆ ಕಾಣುತ್ತಿತ್ತು. ಟಾರ್ಗೆಟ್ ಇಲ್ಲದ ಹೆಂಗಸು ಅಂತ ನಾನು ಸಿಕ್ ರೂಮಿನ ಸಿಸ್ಟರನ್ನು ಕಂಡದ್ದು ಹೊರಗಿನವಳ ಕಣ್ಣಲ್ಲಿ.

ನನ್ನ ಹಳೆಯ ಕೈ ಕೆಲಸಕ್ಕೆ ಬಂದದ್ದು ಅಲ್ಲಿ. ಟ್ರೇ ಜೋಡಿಸುವುದು, ಹಾಸಿಗೆ ಬದಲಿಸುವುದು, ಔಷಧಿ ಬಾಟಲಿ ಸಾಲಿಡುವುದು, ಇವೆಲ್ಲ ನನ್ನ ಕೈಗೆ ಲೈನಿನ ಕೆಲಸ. ಎರಡು ಸಲ ಎದ್ದು ಹೋಗುವ ಕಡೆ ಒಂದೇ ಸಲ ಹೋಗುವುದು, ಬಲಗೈಗೆ ಬೇಕಾದದ್ದು ಬಲಕ್ಕೇ ಇರುವುದು, ಇದನ್ನು ಫ್ಯಾಕ್ಟರಿ ನನ್ನ ಮೈಗೆ ಹೊಲಿದು ಕಳಿಸಿತ್ತು. ಹಾಗೆ ಅಲ್ಲೊಂದು ಇಲ್ಲೊಂದು ನಿಮಿಷ ಉಳಿಯುತ್ತಿತ್ತು. ಫ್ಯಾಕ್ಟರಿಯಲ್ಲಿ ಉಳಿಸಿದ ನಿಮಿಷ ಮಾರನೆಯ ವಾರ ಟಾರ್ಗೆಟ್ಟಾಗಿ ನನ್ನ ಮೇಲೇ ಬೀಳುತ್ತಿತ್ತು. ಇಲ್ಲಿ ಉಳಿಸಿದ್ದನ್ನು ಯಾರಿಗೆ ಕೊಡಬೇಕು ಅನ್ನುವುದು ನನ್ನ ಕೈಯಲ್ಲಿತ್ತು. ನಿದ್ದೆ ಬಾರದೆ ಸೀಲಿಂಗ್ ನೋಡುವವರಿಗೆ ಕೊಟ್ಟೆ. ಹನ್ನೆರಡು ವರ್ಷ ದಂಡವಾಯಿತು ಅನ್ನುವ ಕೊರಗು ಹೋದದ್ದು ಯಾರೋ ಸಮಾಧಾನ ಹೇಳಿದ್ದರಿಂದಲ್ಲ, ಹೀಗೆ.

2020 ನೈಟಿಂಗೇಲ್ ಹುಟ್ಟಿ ಇನ್ನೂರನೇ ವರ್ಷ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ದಾದಿಯರ ಮತ್ತು ಸೂಲಗಿತ್ತಿಯರ ವರ್ಷ ಅಂತ ಮೊದಲೇ ಸಾರಿತ್ತು. ಮೇ 12ಕ್ಕೆ ದೊಡ್ಡ ಸಮಾರಂಭದ ಮಾತಿತ್ತು. ಮಾರ್ಚಿನಲ್ಲೇ ಲಾಕ್‌ಡೌನ್ ಬಂತು. ಹಾಸ್ಟೆಲ್ ಖಾಲಿಯಾಯಿತು, ಪರೀಕ್ಷೆ ಮುಂದಕ್ಕೆ ಹೋಯಿತು, ಆಟೋ ಮೂರು ತಿಂಗಳು ಮನೆ ಮುಂದೆ ನಿಂತಿತು. ನಾನು ಮನೆಯಲ್ಲಿ ಮಾಸ್ಕ್ ಹೊಲಿದೆ. ದಿನಕ್ಕೆ ಇನ್ನೂರು.

ಇಂಟರ್ನ್‌ಶಿಪ್‌ಗೆ ವಾಪಸು ಕರೆದಾಗ ಎಲ್ಲರ ಬೆರಳಿಗೂ ಆಕ್ಸಿಮೀಟರ್ ಕ್ಲಿಪ್ಪು ಬಂದಿತ್ತು. ಮುಟ್ಟುವ ಅಗತ್ಯವೇ ಇಲ್ಲ, ದೂರದಿಂದ ನಂಬರು ನೋಡಿದರಾಯಿತು. ಎಲ್ಲರಿಗೂ ಹೆದರಿಕೆ, ನನಗೂ ಇತ್ತು. ಒಂದು ಸಂಜೆ ಸಾಮಾನ್ಯ ವಾರ್ಡಿನಲ್ಲಿ ಸುಮಾರು ಅರವತ್ತರ ಒಬ್ಬರು, ಜ್ವರ ಅಂತ ಬಂದವರು, ಗೋಡೆಗೊರಗಿ ಕೂತಿದ್ದರು. ಕ್ಲಿಪ್ಪು 95 ತೋರಿಸುತ್ತಿತ್ತು. “ಹೆಂಗಿದೀರ ಅಂಕಲ್?” ಅಂದೆ. “ಚೆನ್ನಾಗಿದೀನಿ... ಕಣಮ್ಮ” ಅಂದರು, ಎರಡು ಪದದ ನಡುವೆ ಉಸಿರೆಳೆದು. ಗ್ಲೌಸಿನ ಕೈಯಲ್ಲಿ ಮಣಿಕಟ್ಟು ಹಿಡಿದೆ. ನಾಡಿ ನೋಡುವವಳಂತೆ ನಟಿಸುತ್ತ ಎದೆ ನೋಡಿದೆ. ಪೂರ್ತಿ ಒಂದು ನಿಮಿಷ. ಮೂವತ್ತೆರಡು. ನಂಬಿಕೆಯಾಗದೆ ಇನ್ನೊಂದು ನಿಮಿಷ ಎಣಿಸಿದೆ. ಮೂವತ್ತೆರಡೇ. ದೊಡ್ಡವರಲ್ಲಿ ಇಪ್ಪತ್ತು ದಾಟಿದರೇ ಯೋಚಿಸಬೇಕು. ಇಪ್ಪತ್ತನಾಲ್ಕು ಮುಟ್ಟಿದರೆ ಮಧ್ಯಮ, ಮೂವತ್ತು ಮೀರಿದರೆ ತೀವ್ರ ಅಂತ ಆರೋಗ್ಯ ಸಚಿವಾಲಯದ ಕೊರೊನಾ ಸೂಚನೆಯನ್ನು ಗೋಡೆಗೆ ಅಂಟಿಸಿದ್ದರು. ಡ್ಯೂಟಿ ಡಾಕ್ಟರಿಗೆ ಹೇಳಿದೆ. ಅವರು ಬಂದು ಎದೆಯ ಮೇಲೆ ಸ್ಟೆತ್ ಇಟ್ಟರು, ತಡಮಾಡದೆ ಆಕ್ಸಿಜನ್ ಹಾಕಿಸಿ ದೊಡ್ಡ ಆಸ್ಪತ್ರೆಗೆ ಫೋನು ಮಾಡಿದರು. ರಾತ್ರಿ ಎಂಟಕ್ಕೆ 108 ಬಂತು. ಸ್ಟ್ರೆಚರಿನಲ್ಲಿ ಮಲಗಿಕೊಂಡೇ ಅವರು ಕೈ ಮೇಲೆತ್ತಿದರು. ಟಾಟಾ ಹೇಳಿದರೋ ಏನು ಕೇಳಿದರೋ ತಿಳಿಯಲಿಲ್ಲ.

ಆಮೇಲೆ ಅವರೇನಾದರೋ ನನಗೆ ಗೊತ್ತಾಗಲಿಲ್ಲ. ಆ ವರ್ಷ ಹಾಗೆ ಕಳಿಸಿದವರೆಷ್ಟೋ ಜನ.

ಪರೀಕ್ಷೆ ತಡವಾಗಿ ನಡೆಯಿತು. ಪಾಸಾದೆ, ಮಗಳಿಗಿಂತ ಕಡಿಮೆ ಅಂಕದಲ್ಲಿ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಕೈಗೆ ಬಂದಾಗ ನನಗೆ ಮೂವತ್ತೆಂಟು. ಹೆಸರಿನ ಮುಂದೆ ಎರಡು ಪಟ್ಟ, ದಾದಿ ಮತ್ತು ಸೂಲಗಿತ್ತಿ. ಅತ್ತೆ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಈಗಲೂ ಆ ಕಲೆ ಇದೆ, ಕೆಲಸಕ್ಕೆ ಸೇರುವಾಗ ಕೇಳಿದವರಿಗೆಲ್ಲ ವಿವರಿಸಬೇಕಾಯಿತು.

ಈಗ ಕೆಲಸ ಮಾಡುವುದು ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಸಂಬಳ ಗಾರ್ಮೆಂಟ್ಸಿಗಿಂತ ಭಾರಿ ಹೆಚ್ಚೇನಲ್ಲ. ಬೆಳಗಿನ ಪಾಳಿಗೆ ಹೋಗುವಾಗ ಸಂತೆ ಸರ್ಕಲ್‌ನಲ್ಲಿ ಅದೇ ಟೆಂಪೊಗಳು ಸಿಗುತ್ತವೆ, ಮುಖಗಳು ಮಾತ್ರ ಹೊಸವು. ಹಳಬರಲ್ಲಿ ಕೆಲವರು ಈಗ ನನಗೆ ಒಪಿಡಿಯಲ್ಲಿ ಸಿಗುತ್ತಾರೆ.

ಹೋದ ತಿಂಗಳು ಹಾಗೆ ಬಂದವಳು ನನ್ನ ಪಕ್ಕದ ಮಿಷನ್ನಿನಲ್ಲಿ ಒಂಬತ್ತು ವರ್ಷ ಕೂತವಳು, ಕಫ್ ಆಪರೇಷನ್. ಎದೆ ಡವಡವ ಅನ್ನುತ್ತೆ, ರಾತ್ರಿ ನಿದ್ದೆ ಇಲ್ಲ ಅಂದಳು. ಸ್ಟೂಲಿನ ಮೇಲೆ ಕೂರಿಸಿ ಕೈ ಹಿಡಿದೆ. ತೋರುಬೆರಳಿನ ತುದಿಯಲ್ಲಿ ಸೂಜಿ ಹೊಕ್ಕ ಹಳೆಯ ಗುರುತು ಹಾಗೇ ಇತ್ತು. ಅವತ್ತು ಅವಳನ್ನು ಸಿಕ್ ರೂಮಿಗೆ ಕರೆದೊಯ್ದವಳು ನಾನೇ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಗೋಡೆಯ ಗಡಿಯಾರ ನೋಡಿದೆ, ಎಣಿಸಲು ಶುರು ಮಾಡಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ.

“ಏ, ಎಷ್ಟೊತ್ತೇ ಹಿಡ್ಕೊಂಡಿರ್ತೀಯ? ಇಷ್ಟೊತ್ತಿಗೆ ಒಂದು ಕಾಲರ್ ಮುಗಿಸ್ತಿದ್ದೆ ನೀನು.”

ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಮುಳ್ಳು ಹನ್ನೆರಡಕ್ಕೆ ಬರುವ ತನಕ ತುಟಿ ಬಿಚ್ಚಲಿಲ್ಲ. ಚಾರ್ಟಿನಲ್ಲಿ ಬರೆದುಕೊಂಡು, ಅವಳ ಕೈಯನ್ನು ಇನ್ನೂ ಬಿಡದೆ ಹೇಳಿದೆ:

“ಒಂದೂವರೆ.”